ಮೂಗಿಗೆ ಬಿಡುವ ನೀರು ಯಾವುದೆಂದು ಹೇಳಿ

ಮಾನ್ಯ ಸಂಪಾದಕರೇ,

ಕಟ್ಟಿದ ಮೂಗಿಗೆ ಮನೆಮದ್ದು ಹೇಳುವ ಬರಹವೊಂದು ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದಿತ್ತು. ನಮ್ಮ ದಲಾಲಿ ಅಂಗಡಿಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದೆವು. ಓದದೆ ವಿಧಿಯಿಲ್ಲ. ವಿಜಯಪುರದ ಎಪಿಎಂಸಿಯಲ್ಲಿ ತೊಗರಿಯ ಹಂಗಾಮು ಶುರುವಾಯಿತೆಂದರೆ ಚೀಲ ಸುರಿದಾಗ ಏಳುವ ಹೊಟ್ಟಿನ ದೂಳು ಲೆಕ್ಕದ ಪುಸ್ತಕವನ್ನೂ ಬಿಡುವುದಿಲ್ಲ, ಬರೆಯುವವನ ಮೂಗನ್ನೂ ಬಿಡುವುದಿಲ್ಲ. ಗುಮಾಸ್ತನಾದ ನನ್ನ ಕರವಸ್ತ್ರವೇ ಸಂಜೆಯ ಹೊತ್ತಿಗೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಇನ್ನು ಹಮಾಲರ ಪಾಡು ಕೇಳಬೇಡಿ. ಆದ್ದರಿಂದ ಮನೆಮದ್ದನ್ನು ಗೇಲಿ ಮಾಡುವವನು ನಾನಲ್ಲ. ಅಳತೆ ಇಲ್ಲದೆ, ಎಚ್ಚರಿಕೆ ಇಲ್ಲದೆ ಅಚ್ಚಾಗುವ ಮನೆಮದ್ದಿನ ಬಗ್ಗೆ ಮಾತ್ರ ನನ್ನ ತಕರಾರು.

ಜಲನೇತಿಯನ್ನೇ ನೋಡಿ. ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ಮೂಗಿಗೆ ಬಿಡಬೇಕೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವ ನೀರು? ನಮ್ಮ ಕಡೆ ಎಷ್ಟೋ ಮನೆಗಳಿಗೆ ನಲ್ಲಿ ನೀರು ದಿನವೂ ಬರುವುದಿಲ್ಲ. ಬಂದ ದಿನ ತೊಟ್ಟಿ, ಬ್ಯಾರೆಲ್ ತುಂಬಿಸಿಟ್ಟು, ಮತ್ತೆ ಬರುವವರೆಗೆ ಅದರಲ್ಲೇ ಸಂಸಾರ ನಡೆಯುತ್ತದೆ. ಅಂಥ ನೀರನ್ನು ಬೆಚ್ಚಗೆ ಮಾಡಿದ ಮಾತ್ರಕ್ಕೆ ಮೂಗಿಗೆ ಯೋಗ್ಯವಾಗುವುದಿಲ್ಲ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡದು, ಮೂಗಿನಿಂದ ಹೊಕ್ಕರೆ ಮಿದುಳಿಗೇ ಏರುತ್ತದೆ. ಅಪರೂಪದ ಕಾಯಿಲೆಯೇ ಸರಿ, ಆದರೆ ತಗುಲಿದವರಲ್ಲಿ ಬದುಕುಳಿದವರು ತೀರಾ ಕಡಿಮೆ. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದ ಮಿದುಳು ಜ್ವರ ಕಾಣಿಸಿಕೊಂಡಿದ್ದನ್ನು ನಾವು ಪತ್ರಿಕೆಗಳಲ್ಲೇ ಓದಿದ್ದೇವೆ.

ನೀರು ಕೊತಕೊತ ಕುದಿಯತೊಡಗಿದ ಮೇಲೂ ಒಂದು ನಿಮಿಷವಾದರೂ ಒಲೆಯ ಮೇಲಿರಬೇಕು. ಆಮೇಲೆ ಮುಚ್ಚಿಟ್ಟು ಆರಿಸಬೇಕು. ಉಪ್ಪು ಚಿಟಿಕೆ ಸಾಲದು. ಕಾಲು ಲೀಟರಿಗೆ ಅರ್ಧ ಚಹಾ ಚಮಚಕ್ಕಿಂತ ತುಸು ಕಡಿಮೆ ಬೇಕು. ಉಪ್ಪು ಕಡಿಮೆಯಾದರೆ ಮೂಗಿನ ಬುಡದಿಂದ ಹಣೆಯವರೆಗೆ ಚುರ್ರೆನ್ನುತ್ತದೆ. ಒಮ್ಮೆ ಹಾಗಾದವರು ಮತ್ತೆ ನೇತಿ ಪಾತ್ರೆಯನ್ನು ಮುಟ್ಟುವುದಿಲ್ಲ, ತಪ್ಪೆಲ್ಲ ಪದ್ಧತಿಯ ತಲೆಗೆ ಬರುತ್ತದೆ. ಬಗ್ಗಿ, ತಲೆ ವಾರೆ ಮಾಡಿ, ಬಾಯಿಂದ ಉಸಿರಾಡುತ್ತ ಬಿಡಬೇಕು. ಪಾತ್ರೆಯನ್ನು ತೊಳೆದು ಒಣಗಿಸಿಡಬೇಕು. ಇಷ್ಟು ಬರೆಯಲು ಎಷ್ಟು ಜಾಗ ಬೇಕು?

ಇನ್ನು ಹಬೆ. ಅಜವಾನ ಹಾಕಿದ ನೀರಿನ ಹಬೆ ಸ್ವಲ್ಪ ಹೊತ್ತು ಹಾಯೆನಿಸುವುದು ನಿಜ. ಆದರೆ ಕುದಿಯುವ ಪಾತ್ರೆಯನ್ನು ನೆಲದ ಮೇಲಿಟ್ಟು, ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಚಾದರ ಹೊದೆಯುವ ಪರಿಪಾಠವಿದೆಯಲ್ಲ, ಅದು ಸುಟ್ಟ ಗಾಯಗಳ ದಾರಿ. ಪುಟ್ಟ ಮಕ್ಕಳಿಗೆ ಅದು ಬೇಡವೇ ಬೇಡ. ಎರಡು ವರ್ಷದೊಳಗಿನ ಕೂಸಿಗೆ ಕರ್ಪೂರವೂ ಸಲ್ಲದು. ಅದು ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಕೊರೋನಾದ ಎರಡನೇ ಅಲೆಯಲ್ಲಿ, 2021ರಲ್ಲಿ, ಮೂಗಿಗೆ ನಿಂಬೆರಸ ಬಿಡುವ ಹುಚ್ಚು ಎಲ್ಲೆಡೆ ಹಬ್ಬಿತ್ತು. ನಿಮ್ಮ ಬರಹಗಾರರು ಅದನ್ನು ಮತ್ತೆ ಎತ್ತಿಲ್ಲ ಎಂಬುದಷ್ಟೇ ಸಮಾಧಾನ.

ಔಷಧ ಅಂಗಡಿಯ ಮೂಗಿನ ಹನಿಗಳ ಬಗ್ಗೆಯೂ ಒಂದು ಮಾತು ಬೇಕಿತ್ತು. ನಮ್ಮ ಮಾರುಕಟ್ಟೆಯ ಹಮಾಲರೊಬ್ಬರ ಅಂಗಿಯ ಜೇಬಿನಲ್ಲಿ ಬೀಡಿಕಟ್ಟಿನ ಪಕ್ಕ ಸದಾ ಒಂದು ಸೀಸೆ ಇರುತ್ತದೆ. ಅದರಲ್ಲಿರುವ, ಕಟ್ಟಿದ ಮೂಗು ಬಿಡಿಸುವ ಝೈಲೊಮೆಟಾಜೊಲಿನ್ ಎಂಬ ಔಷಧದ ಹನಿಗಳನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಿದರೆ, ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಕಟ್ಟಿತೆಂದು ಅವರು ಮತ್ತೆ ಹಾಕುತ್ತಾರೆ.

ಮೂಗು ಕಟ್ಟಿದ್ದು ಹತ್ತು ದಿನವಾದರೂ ಇಳಿಯದಿದ್ದರೆ, ಇಳಿದದ್ದು ಮತ್ತೆ ಏರಿದರೆ, ಕಣ್ಣಿನ ಸುತ್ತ ಬಾವು ಬಂದರೆ ವೈದ್ಯರ ಬಳಿ ಹೋಗಬೇಕು. ಒಂದೇ ಹೊಳ್ಳೆಯಿಂದ ನಾತದ ಸಿಂಬಳ ಸುರಿದರೂ ಅಷ್ಟೇ. ದೊಡ್ಡವರಲ್ಲಿ ಮೇಲ್ದವಡೆಯ ಹುಳುಕು ಹಲ್ಲು ಅದಕ್ಕೆ ಕಾರಣವಿರಬಹುದು, ಮಕ್ಕಳಲ್ಲಿ ಯಾರಿಗೂ ಹೇಳದೆ ಮೂಗಿಗೆ ತುರುಕಿಕೊಂಡ ಶೇಂಗಾ ಬೀಜವೂ ಇರಬಹುದು.

ಮುಂದಿನ ಸಲ ಮನೆಮದ್ದು ಪ್ರಕಟಿಸುವಾಗ ಒಬ್ಬ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ, ಅಳತೆ ಮತ್ತು ಎಚ್ಚರಿಕೆಗಳನ್ನು ಬರಹದ ಪಕ್ಕದಲ್ಲೇ ಚೌಕಟ್ಟು ಹಾಕಿ ಕೊಡಿ. ಜಾಗ ಸಾಲದಿದ್ದರೆ, ಹಬೆ ತೆಗೆದುಕೊಳ್ಳುತ್ತ ನಗುತ್ತಿದ್ದ ಆ ಹುಡುಗಿಯ ಅರ್ಧ ಪುಟದ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬಹುದು.

ಇಂತಿ,
ದಲಾಲಿ ಅಂಗಡಿಯ ಒಬ್ಬ ಗುಮಾಸ್ತ, ವಿಜಯಪುರ