ಡಬ್ಬಿ ಮೊದಲು ಬಂತು, ಓಪನರ್ ಆಮೇಲೆ

ಪ್ರೀತಿಯ ಪುಟ್ಟಿಗೆ, ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಅಜ್ಜಿಗೆ ಅಂತ ನೀನು ಸೂಜಿಗೆ ದಾರ ಪೋಣಿಸುವ ಸಾಧನ ಮಾಡಲು ಹೊರಟಿದ್ದೆ. ಅಂಥದ್ದನ್ನು ಯಾರೋ ಎಂದೋ ಮಾಡಿಬಿಟ್ಟಿದ್ದಾರೆ ಅಂತ ಗೊತ್ತಾದ ಕೂಡಲೇ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಟ್ಟೆಯಂತೆ. 'ಮೊದಲನೆಯದಲ್ಲ ಅಂದಮೇಲೆ ಯಾಕೆ ಮಾಡಬೇಕು?' ಅಂತ ಕೇಳಿದ್ದೀಯ. ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ. ಬೇಜಾರಾದರೆ ನಡುವೆ ಎದ್ದು ಹೋಗಿ ಬಾ, ಆದರೆ ಪೂರ್ತಿ ಓದು.

ನಿನ್ನ ವಯಸ್ಸಿನಲ್ಲಿ ನಾನು ರಸಪ್ರಶ್ನೆಗೆ ಅಂತ ಒಂದು ನೋಟ್‌ಬುಕ್ ತುಂಬ 'ಮೊದಲಿಗರ' ಹೆಸರು ಬರೆದಿಟ್ಟುಕೊಂಡಿದ್ದೆ. ಒಂದು ಪ್ರಶ್ನೆ, ಒಂದು ಹೆಸರು, ಮುಗೀತು. ಆ ಹೆಸರಿನ ಹಿಂದೆ ಮುಂದೆ ಏನಿತ್ತು ಅಂತ ನೋಡಲೇ ಇಲ್ಲ. ಟೆಲಿಫೋನ್ ಅಂದರೆ ಬೆಲ್, ಅಷ್ಟೆ. ಬೆಲ್ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದ 1876ರ ಫೆಬ್ರವರಿ 14ರಂದೇ ಎಲೈಷಾ ಗ್ರೇ ಅನ್ನುವ ಇನ್ನೊಬ್ಬನೂ ಅದೇ ಕಚೇರಿಗೆ ಟೆಲಿಫೋನ್ ಬಗ್ಗೆಯೇ ಕಾಗದ ಸಲ್ಲಿಸಿದ್ದ ಅನ್ನೋದು ನನ್ನ ನೋಟ್‌ಬುಕ್‌ನಲ್ಲಿ ಇರಲಿಲ್ಲ.

ನನಗೆ ತುಂಬ ಇಷ್ಟವಾದದ್ದು ತಗಡಿನ ಡಬ್ಬಿಯ ಕಥೆ. ಆಹಾರ ಕೆಡದಂತೆ ಡಬ್ಬಿಯಲ್ಲಿ ಮುಚ್ಚಿಡುವ ವಿಧಾನಕ್ಕೆ ಪೀಟರ್ ಡುರಾಂಡ್ ಇಂಗ್ಲೆಂಡ್‌ನಲ್ಲಿ ಪೇಟೆಂಟ್ ಪಡೆದದ್ದು 1810ರಲ್ಲಿ. ಅದನ್ನು ತೆರೆಯೋಕೆ ಅಂತಲೇ ಓಪನರ್ ಬಂದದ್ದು 1850ರ ದಶಕದಲ್ಲಿ! ಅಲ್ಲಿಯವರೆಗೆ ಉಳಿ, ಸುತ್ತಿಗೆ. ಆಗಿನ ತಗಡೂ ದಪ್ಪ ಇರುತ್ತಿತ್ತು. ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ಊಟ ಡಬ್ಬಿಯೊಳಗೆ, ಹಸಿದವನು ಹೊರಗೆ. ಮೊದಲನೆಯದು ಅಂದರೆ ಸಾಮಾನ್ಯವಾಗಿ ಹೀಗೇ, ಅರ್ಧ ಕೆಲಸ.

ಕಾರಿನದ್ದೂ ಹಾಗೇ. ಕಾರ್ಲ್ ಬೆನ್ಜ್ 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಆದರೆ ಅದರಲ್ಲಿ ದೂರದ ಊರಿಗೆ ಹೋಗಿ ಬರಬಹುದು ಅಂತ ಜನಕ್ಕೆ ನಂಬಿಕೆ ಇರಲಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬೆರ್ಥಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟಳು. ಸುಮಾರು 100 ಕಿಲೋಮೀಟರ್ ದಾರಿ. ದಾರಿಯಲ್ಲಿ ಇಂಧನ ಮುಗಿಯಿತು. ಪೆಟ್ರೋಲ್ ಬಂಕ್ ಅನ್ನೋದೇ ಇಲ್ಲದ ಕಾಲ. ವೀಸ್ಲೋಖ್ ಅನ್ನುವ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಅನ್ನುವ ಪೆಟ್ರೋಲಿನಂಥ ದ್ರಾವಕ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚಿದ್ದ ಪಿನ್ ತೆಗೆದು ಚುಚ್ಚಿ ಸರಿಮಾಡಿದಳು. ಮರದ ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಏರು ಬಂದರೆ ಇಳಿದು ತಳ್ಳೋದು. ಇಷ್ಟೆಲ್ಲ ಆಗಿ ಬಂದ ಮೇಲೆಯೇ ಗಾಡಿಗೆ ಏರು ಹತ್ತಲು ಇನ್ನೊಂದು ಗೇರ್ ಸೇರಿದ್ದು. ಗಾಡಿ ಮಾಡಿದವನಿಗೆ ಮನೆಯಲ್ಲಿ ಕೂತು ಗೊತ್ತಾಗದ್ದು ಓಡಿಸಿದವಳಿಗೆ ಗೊತ್ತಾಯಿತು. ಈ ಮಾತನ್ನು ನೆನಪಿಟ್ಟುಕೋ, ಮತ್ತೆ ಇದಕ್ಕೇ ಬರುತ್ತೇನೆ.

ಮೊದಲು ಅನ್ನೋದಕ್ಕೆ ಬೆಲೆಯೇ ಇಲ್ಲ ಅಂತ ಹೇಳಿದರೆ ಅದು ಸುಳ್ಳು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ. ನಾಲ್ಕು ನಿಮಿಷದೊಳಗೆ ಓಡಿದವರಲ್ಲಿ ಅವನೇ ಮೊದಲು. ಆ ಹೆಸರನ್ನು ಯಾರೂ ಅಳಿಸೋಕಾಗಲ್ಲ. ಆದರೆ ಆ ದಿನ ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಅನ್ನುವ ಇಬ್ಬರು ಗೆಳೆಯರು ಒಬ್ಬರಾದ ಮೇಲೊಬ್ಬರು ಮುಂದೆ ಓಡಿ ವೇಗ ಹಿಡಿದುಕೊಟ್ಟಿದ್ದರು. ಅವನ ದಾಖಲೆ ಉಳಿದದ್ದು ಬರೀ 46 ದಿನ. ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಅದಕ್ಕಿಂತ ಒಂದು ಸೆಕೆಂಡಿಗೂ ಜಾಸ್ತಿ ಬೇಗ ಓಡಿದ. 'ಇನ್ನೇನಿದೆ, ಮೊದಲ ಸ್ಥಾನ ಹೋಯಿತಲ್ಲ' ಅಂತ ಲ್ಯಾಂಡಿ ಬೂಟು ಬಿಚ್ಚಿಟ್ಟಿದ್ದರೆ? ನಿನ್ನ ಪೆಟ್ಟಿಗೆ ನೆನಪಾಯಿತು, ಅದಕ್ಕೇ ಕೇಳಿದೆ.

ರೈಟ್ ಸಹೋದರರ ಮೊದಲ ಹಾರಾಟ ಬರೀ 12 ಸೆಕೆಂಡ್ ಅಂತ ನಿನಗೇ ಗೊತ್ತು, ಅದನ್ನು ಉದ್ದ ಮಾಡಲ್ಲ. ಅದೇ ದಿನದ ನಾಲ್ಕನೇ ಹಾರಾಟ 59 ಸೆಕೆಂಡ್ ನಡೆಯಿತು. ಅದನ್ನು ಮಾತ್ರ ಯಾವ ರಸಪ್ರಶ್ನೆಯಲ್ಲೂ ಕೇಳಿದ್ದು ನಾನು ನೋಡಿಲ್ಲ.

ಈಗ ನಿನ್ನ ವಿಷಯ. ನೆನಪಿಟ್ಟುಕೋ ಅಂದಿದ್ದ ಬೆರ್ಥಾಳ ಮಾತಿಗೇ ಬಂದೆ. ನಾಲ್ಕು ಪುಟದ ಕಾಗದದಲ್ಲಿ ಯಾರು ಮೊದಲು ಮಾಡಿದರು, ಯಾವಾಗ ಮಾಡಿದರು ಅಂತೆಲ್ಲ ಬರೆದಿದ್ದೀಯ. ನೀನು ಮಾಡಿದ ಸಾಧನವನ್ನು ಅಜ್ಜಿ ಕೈಗೆ ಕೊಟ್ಟು ನೋಡಿದೆಯಾ ಅನ್ನೋ ಮಾತೇ ಇಲ್ಲ! ಆಗಲೇ ಇರುವುದನ್ನೂ ಒಂದು ತರಿಸು. ಎರಡನ್ನೂ ಅವರ ಮುಂದಿಟ್ಟು ಸುಮ್ನೆ ಪಕ್ಕದಲ್ಲಿ ಕೂತುಕೋ. ಹೇಳಿಕೊಡಬೇಡ. ಅವರ ಬೆರಳು ಎಲ್ಲಿ ಜಾರುತ್ತದೆ, ಯಾವಾಗ ಬೆಳಕಿನ ಕಡೆ ತಿರುಗುತ್ತಾರೆ, ಎಷ್ಟನೇ ಸಲಕ್ಕೆ ಬೈಯ್ಯುತ್ತಾರೆ, ಎಲ್ಲ ಬರೆದುಕೋ.

ದಪ್ಪ ದಾರ ಸಿಕ್ಕಿಹಾಕಿಕೊಳ್ಳುತ್ತದೆ ಅಂದಿದ್ದೆಯಲ್ಲ, ಆ ಜಾಗವನ್ನು ಮಾತ್ರ ಇನ್ನೊಂದು ಸಲ ಬಿಚ್ಚಿ ನೋಡು. ಮುಂದಿನ ಕಾಗದದ ಜೊತೆ ನನಗೂ ಒಂದು ಕಳಿಸು. ನನ್ನ ಕಣ್ಣೂ ಈಗ ಅಷ್ಟಕ್ಕಷ್ಟೇ, ಅಂಗಿಯ ಎರಡು ಗುಂಡಿ ಕಿತ್ತು ತಿಂಗಳಾಯಿತು.

ನಿನ್ನ
ದೊಡ್ಡಪ್ಪ