ಪುಟ್ಟಿಗೆ, ಇಂಜಿನಿಯರಿಂಗ್ ಸೀಟು ಮತ್ತು ಫೀಸಿನ ಬಗ್ಗೆ

ಮಡಿಕೇರಿ
ಜನವರಿ 12

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಮೆಸೇಜನ್ನು ಬೆಳಗ್ಗೆ ನೋಡಿದೆ. "ಅತ್ತೆ, ನಂಗೆ ಸೀಟ್ ಸಿಗುತ್ತಾ? ಸಿಕ್ಕಿದ್ರೂ ಅಪ್ಪನ ಕೈಲಿ ಕಟ್ಟೋಕಾಗುತ್ತಾ?" ಅಂತ ಬರೆದಿದ್ದೀಯ. ಇದಕ್ಕೆ ಫೋನಲ್ಲಿ ಎರಡು ಸಾಲು ಒತ್ತಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಕೂತು ಕಾಗದ ಬರೆಯುತ್ತಿದ್ದೇನೆ. ಓದಿ ಆದ ಮೇಲೆ ನಿಮ್ಮಪ್ಪನ ಕೈಗೂ ಕೊಡು.

ಯಾಕೆ ಅಂದರೆ, ಅದೇ ವಾರ ನಿಮ್ಮಪ್ಪನೂ ನನಗೆ ಫೋನ್ ಮಾಡಿದ್ದ. ಕಣದಲ್ಲಿ ಕಾಫಿ ಹರವುತ್ತಿದ್ದ ಅಂತ ಕಾಣುತ್ತೆ, ಹಿಂದಿನಿಂದ ಗೋರುವ ಸದ್ದು ಕೇಳುತ್ತಿತ್ತು. ಹೊಳೆ ಪಕ್ಕದ ಗದ್ದೆ ಅಡ ಇಟ್ಟರೆ ಎಷ್ಟು ಹುಟ್ಟಬಹುದು ಅಂತ ಕೇಳಿದ. "ಪುಟ್ಟಿಗೆ ಹೇಳ್ಬೇಡ ಅಕ್ಕ" ಅಂದ. ನೀನು ಅವನಿಗೆ ಹೇಳದೆ ನನ್ನನ್ನು ಕೇಳುತ್ತೀಯ, ಅವನು ನಿನಗೆ ಹೇಳದೆ ನನ್ನನ್ನು ಕೇಳುತ್ತಾನೆ. ಒಂದೇ ಮನೆಯಲ್ಲಿ ಕೂತು ಇಬ್ಬರೂ ಬೇರೆ ಬೇರೆ ಲೆಕ್ಕ ಹಾಕುತ್ತಿದ್ದೀರಿ. ಅವನಿಗೆ ಕೊಟ್ಟ ಮಾತು ಮುರಿದು ಇದನ್ನು ಬರೆದುಬಿಟ್ಟೆ. ಬೈದರೆ ಬೈಯಲಿ.

ನಾನು ಪಿಯು ಕಾಲೇಜಿನ ಆಫೀಸಿನಲ್ಲಿ 27 ವರ್ಷ ಕೂತವಳು. ಸರ್ಟಿಫಿಕೇಟ್ ಕೇಳಿಕೊಂಡು, ಫಾರಂ ತುಂಬಿಸಿಕೊಂಡು ಬರುವ ಮಕ್ಕಳನ್ನು ಆ ಕಿಟಕಿಯಿಂದಲೇ ನೋಡಿದ್ದೇನೆ. ಅಂಕ ಕಡಿಮೆಯಾಗಿ ಸೀಟು ತಪ್ಪಿಸಿಕೊಂಡವರು ಇದ್ದರು. ಅವರಿಗಿಂತ ಜಾಸ್ತಿ ನನಗೆ ಹೊಟ್ಟೆ ಉರಿದದ್ದು, ಅಂಕ ಇದ್ದೂ ಪಟ್ಟಿ ಬರೆಯೋದು ಗೊತ್ತಿಲ್ಲದೆ ಕೆಟ್ಟವರನ್ನು ನೋಡಿ. ಆ ಪಟ್ಟಿಯ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಅಂಕದ ಮಾತು. ಇಂಜಿನಿಯರಿಂಗಿಗೆ ಸಿಇಟಿ ರ‍್ಯಾಂಕ್ ಹಾಕುವಾಗ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡಿನಲ್ಲಿ ಈ ಮೂರು ವಿಷಯಕ್ಕೆ ಒಟ್ಟು 300, ಸಿಇಟಿಯಲ್ಲಿ 180. ಎರಡಕ್ಕೂ ಸಮ ತೂಕ ಇರುವುದರಿಂದ ಸಿಇಟಿಯ 3 ಅಂಕ ಬೋರ್ಡಿನ 5 ಅಂಕಕ್ಕೆ ಸಮ. ಮಾರ್ಚ್ ತನಕ ಬೋರ್ಡಿಗೆ ಓದು, ಅದು ಸರಿ. ಆದರೆ ದಿನಕ್ಕೆ ಒಂದು ಗಂಟೆಯಾದರೂ ಸಿಇಟಿಯ ಹಳೇ ಪೇಪರ್ ಗಡಿಯಾರ ಇಟ್ಟುಕೊಂಡು ಮಾಡು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ.

ಸೀಟು ಸಿಗುತ್ತಾ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಆದರೆ ಅಂದಾಜು ಮಾಡಬಹುದು. ಯಾವ ಕಾಲೇಜು, ಯಾವ ಬ್ರಾಂಚು, ಯಾವ ವರ್ಗಕ್ಕೆ ಎಷ್ಟನೇ ರ‍್ಯಾಂಕಿಗೆ ಸೀಟು ಮುಗಿಯಿತು ಅನ್ನುವ ಕಟಾಫ್ ಪಟ್ಟಿಯನ್ನು ಸಿಇಟಿ ನಡೆಸುವ ಕೆಇಎ ವೆಬ್‌ಸೈಟಲ್ಲಿ ಹಾಕಿರುತ್ತಾರೆ. ಒಂದು ವರ್ಷದ್ದು ನೋಡಿ ನಂಬಬೇಡ, ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡು. ನಮ್ಮದು ಹಿಂದುಳಿದ ವರ್ಗಗಳಲ್ಲಿ 3ಎ. ಅದರೊಳಗೆ 3ಎಜಿ, 3ಎಆರ್, 3ಎಕೆ ಅಂತ ಮೂರು ಕಾಲಂ ಇರುತ್ತವೆ. ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ನೀನು 1ರಿಂದ 10ರವರೆಗೆ ಪಂಚಾಯ್ತಿ ವ್ಯಾಪ್ತಿಯ ಶಾಲೆಗಳಲ್ಲೇ ಓದಿದವಳು, ಹಾಗಾಗಿ ಗ್ರಾಮೀಣ ಕೋಟಾ ಸಿಗುತ್ತದೆ. ಕನ್ನಡ ಮಾಧ್ಯಮದ್ದು ಸಿಗಲ್ಲ. 8ನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹೋದೆಯಲ್ಲ, 10 ವರ್ಷ ಪೂರ್ತಿ ಆಗಿರಬೇಕು.

ಈ ಕೋಟಾ ಎಲ್ಲ ಕಾಗದದ ಮೇಲೆ ನಿಂತಿದೆ. ಸ್ಟಡಿ ಸರ್ಟಿಫಿಕೇಟಿಗೆ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಸಹಿ ಬೇಕು. ನಿನ್ನದು ಎರಡು ಶಾಲೆ, ಎರಡು ಸರ್ಟಿಫಿಕೇಟ್. ಜಾತಿ-ಆದಾಯದ್ದನ್ನು ನಾಡಕಚೇರಿಯಲ್ಲಿ ಮಾಡಿಸಿ, ಅದರ ಮೇಲಿನ ಆರ್‌ಡಿ ನಂಬರ್ ಬರೆದಿಟ್ಟುಕೊ. ಇನ್ನೊಂದು, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಆಧಾರಲ್ಲಿ ಮುಂದೆ ಇದೆ. ಹೋದ ಸಲ ಬಂದಾಗ ನೋಡಿದ್ದೆ. ಇದೇ ತಿಂಗಳು ಸರಿ ಮಾಡಿಸು. ಜೂನಲ್ಲಿ ಮಳೆ ಹಿಡಿದು, ಕರೆಂಟ್ ಹೋಗಿ, ಸರ್ವರ್ ಡೌನ್ ಆಗಿ, ಕೊಡೆ ಹಿಡಿದು ಸಾಲಲ್ಲಿ ನಿಂತು ಅತ್ತ ಮಕ್ಕಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಈಗ ಖರ್ಚು. ಫೀಸು ಎಷ್ಟು ಅಂತ ಕೇಳುವವರೆಲ್ಲ ಮೊದಲ ವರ್ಷದ್ದು ಮಾತ್ರ ಕೇಳುತ್ತಾರೆ. ನೀನು 4 ವರ್ಷದ್ದು ಬರೆ, ಊಟ-ವಸತಿ ಸೇರಿಸಿ ಬರೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಲ್ಲಿ ವರ್ಷಕ್ಕೆ 45 ಸಾವಿರದ ಆಸುಪಾಸು ಅಂತ ಇಟ್ಟುಕೊ. ಖಾಸಗಿ ಕಾಲೇಜಲ್ಲಿ ಸಿಇಟಿ ಸೀಟಾದರೆ 1 ಲಕ್ಷದ ಆಸುಪಾಸು. ಖಾಸಗಿ ಕಾಲೇಜುಗಳೇ ಬೇರೆಯಾಗಿ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟಾದರೆ 2 ಲಕ್ಷ ದಾಟುತ್ತದೆ. ಬೆಂಗಳೂರಲ್ಲಿ ಪಿಜಿಗೆ ತಿಂಗಳಿಗೆ 9 ಸಾವಿರ ಅಂದರೂ 11 ತಿಂಗಳಿಗೆ 99 ಸಾವಿರ, ಹೆಚ್ಚುಕಮ್ಮಿ 1 ಲಕ್ಷ. ಅಲ್ಲಿಗೆ ಬೆಂಗಳೂರಿನ ಸಿಇಟಿ ಸೀಟು 4 ವರ್ಷಕ್ಕೆ 8 ಲಕ್ಷ, ಕಾಮೆಡ್‌ಕೆ ಸೀಟು 12 ಲಕ್ಷದ ಮೇಲೆ. ಲ್ಯಾಪ್‌ಟಾಪು, ಪರೀಕ್ಷೆ ಫೀಸು, ಊರಿಗೆ ಬಂದು ಹೋಗುವ ಖರ್ಚು ಬೇರೆ.

ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಇದೇ ಲೆಕ್ಕ ಹಾಕು. 4 ವರ್ಷದ ಫೀಸು 1 ಲಕ್ಷ 80 ಸಾವಿರ. ಮನೆಯಿಂದಲೇ ಹೋಗಿ ಬರಬಹುದು. ಶಕ್ತಿ ಯೋಜನೆ ಬಂದ ಮೇಲೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಸರ್ಕಾರಿ ಬಸ್ಸು ಬೆಳಗ್ಗೆ ಎಷ್ಟು ಹೊತ್ತಿಗೆ ಇದೆ, ಸಂಜೆ ಲ್ಯಾಬ್ ಮುಗಿದ ಮೇಲೆ ಇದೆಯಾ ಅಂತ ಒಂದು ದಿನ ನೀನೇ ಹೋಗಿ ನೋಡಿಕೊಂಡು ಬಾ. ನಿನ್ನ ಗೆಳತಿಯರು ಕುಶಾಲನಗರ ಅಂದರೆ ಮೂಗು ಮುರಿಯುತ್ತಾರೆ ಅಂತ ಬರೆದಿದ್ದೆ. ಅವರ ಮಾತು ಕೇಳಿಕೊಂಡು 6 ಲಕ್ಷ ಜಾಸ್ತಿ ಕೊಡುವಷ್ಟು ನಾವು ಇಲ್ಲ ಪುಟ್ಟಿ. ಬೆಂಗಳೂರಿನ ಕಾಲೇಜು ನಿಜವಾಗಿ ಅಷ್ಟು ಚೆನ್ನಾಗಿದ್ದರೆ ಆ ಮಾತು ಬೇರೆ. ಅದನ್ನು ಕಟ್ಟಡ ನೋಡಿ ತೀರ್ಮಾನ ಮಾಡಬೇಡ. ಅಲ್ಲಿ ಮೂರನೇ ವರ್ಷ ಓದುತ್ತಿರುವ ಹುಡುಗಿ ಒಬ್ಬಳನ್ನು ಹುಡುಕಿ ಕೇಳು. ಪಾಠ ಮಾಡುವವರು ಇದ್ದಾರಾ, ಲ್ಯಾಬ್ ಬೀಗ ತೆಗೆಯುತ್ತಾರಾ, ಹೋದ ವರ್ಷ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ.

ಪಟ್ಟಿಯ ಮಾತಿಗೆ ಬರುತ್ತೇನೆ. ಇದೇ ಮುಖ್ಯ, ನಿಧಾನಕ್ಕೆ ಓದು.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ ಅಂತ ಇರುತ್ತದೆ. ಯಾವ ಕಾಲೇಜಿನ ಯಾವ ಕೋರ್ಸು ಬೇಕು ಅಂತ 1, 2, 3 ಎಂದು ನೀನೇ ಸಾಲಾಗಿ ಹಾಕಬೇಕು. ನಿನ್ನ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಿನ್ನ ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ. ಮೊದಲನೆಯದು ಖಾಲಿ ಇದೆಯಾ? ಇಲ್ಲದಿದ್ದರೆ ಎರಡನೆಯದು. ಅದೂ ಇಲ್ಲವಾ, ಮೂರನೆಯದು. ಎಲ್ಲಿ ಖಾಲಿ ಸಿಕ್ಕಿತೋ ಅಲ್ಲಿಗೆ ನಿಂತುಬಿಡುತ್ತದೆ. ಕೆಳಗಿನದನ್ನು ನೋಡುವುದೇ ಇಲ್ಲ. ಹಾಗಾಗಿ ಸಿಗೋದು ಕಷ್ಟ ಅನಿಸುವ ಕಾಲೇಜನ್ನು ಮೇಲೆ ಹಾಕಿದರೆ ಏನೂ ನಷ್ಟವಿಲ್ಲ. ಹೆದರಿಕೊಂಡು ಸುಲಭದ್ದನ್ನು ಮೇಲೆ ಹಾಕಿದರೆ ನಷ್ಟ.

ನಮ್ಮ ಕಾಲೇಜಿನ ಒಬ್ಬ ಹುಡುಗ ಹಾಗೇ ಮಾಡಿದ. ಒಳ್ಳೇ ರ‍್ಯಾಂಕ್. ಮೈಸೂರಿನ ಕಾಲೇಜು ಸಿಗಲಿಕ್ಕಿಲ್ಲ ಅಂತ ಅದನ್ನು ಐದನೆಯದಾಗಿ ಹಾಕಿ, ಹತ್ತಿರದ್ದನ್ನು ಮೊದಲು ಹಾಕಿದ. ಹತ್ತಿರದ್ದೇ ಬಂತು. ಅವನಿಗಿಂತ ಸಾವಿರ ರ‍್ಯಾಂಕ್ ಹಿಂದಿದ್ದವನಿಗೆ ಮೈಸೂರು ಸಿಕ್ಕಿತು. ಕಿಟಕಿಯ ಹತ್ತಿರ ನಿಂತು "ಮೇಡಂ, ಏನಾದ್ರೂ ಮಾಡೋಕಾಗುತ್ತಾ" ಅಂತ ಕೇಳಿದ. ಅವನು ಕೈಯಲ್ಲಿ ಹಿಡಿದಿದ್ದ ಪ್ರಿಂಟೌಟ್ ಬೆವರಿಗೆ ಮೆತ್ತಗಾಗಿತ್ತು. ನನ್ನ ಕೈಲಿ ಏನೂ ಮಾಡೋಕಾಗಲಿಲ್ಲ.

ಇನ್ನೊಬ್ಬಳು ಇದಕ್ಕೆ ಉಲ್ಟಾ. ಕಟ್ಟಲಿಕ್ಕೆ ಆಗದ ಕಾಲೇಜನ್ನೂ ಸುಮ್ನೆ ಇರಲಿ ಅಂತ ಪಟ್ಟಿಗೆ ಹಾಕಿದ್ದಳು. ಕೊನೇ ರೌಂಡಲ್ಲಿ ಅದೇ ಬಂತು. ಕೊನೇ ರೌಂಡಲ್ಲಿ ಬಂದದ್ದನ್ನು ಸೇರಬೇಕು ಇಲ್ಲ ಬಿಡಬೇಕು. ಬಿಟ್ಟಳು. ಆ ವರ್ಷ ಪೂರ್ತಿ ಮನೆಯಲ್ಲಿ ಕೂತಳು.

ಅದಕ್ಕೇ ಹೇಳುತ್ತೇನೆ. ನಿಮ್ಮಪ್ಪನ ಜೊತೆ ಕೂತು, ಕಟ್ಟೋಕಾಗದ ಕಾಲೇಜುಗಳ ಹೆಸರನ್ನು ಮೊದಲೇ ಹೊಡೆದುಹಾಕಿ. ಪಟ್ಟಿಯಲ್ಲಿ ಅವು ಇರಲೇ ಕೂಡದು. ಉಳಿದದ್ದನ್ನು ನಿನ್ನ ಆಸೆ ಹೇಗಿದೆಯೋ ಹಾಗೇ ಬರೆ, ಸಿಗುತ್ತೋ ಇಲ್ಲವೋ ಅನ್ನುವ ಹೆದರಿಕೆ ಬೇಡ. ಕಟಾಫ್ ನೋಡುವುದು ಪಟ್ಟಿಯ ಕೆಳಗೆ ಖಂಡಿತ ಸಿಗುವಂಥದ್ದು ನಾಲ್ಕೈದಾದರೂ ಇವೆಯಾ ಅಂತ ತಿಳಿಯೋಕೆ. ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಒಂದು ಬರುತ್ತದೆ. ಅದನ್ನು ನೋಡಿ ಬದಲಾಯಿಸಲು ಸಮಯ ಕೊಡುತ್ತಾರೆ. ಫೀಸು ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳೂ ಇವೆ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದವರಿಗೆ. ಅರ್ಜಿ ತುಂಬುವಾಗಲೇ ಅದನ್ನು ಕೇಳಿಕೊಳ್ಳಬೇಕು, ಮರೀಬೇಡ.

ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ನಿಮ್ಮಪ್ಪನಿಗೆ ಯಾರೋ ಹೇಳಿದ್ದಾರಂತೆ, ಈಗಲೇ ಅಡ್ವಾನ್ಸ್ ಕೊಟ್ಟರೆ ಕಡಿಮೆಯಲ್ಲಿ ಆಗುತ್ತೆ ಅಂತ. ಇದು ನನಗೆ ಆದದ್ದೇ. ನಿನ್ನ ಭಾವನಿಗೆ ಸೀಟು ಸಿಗುತ್ತೋ ಇಲ್ಲವೋ ಅನ್ನುವ ಭಯಕ್ಕೆ, ಮಧ್ಯದವನೊಬ್ಬನ ಮಾತು ನಂಬಿ ಒಂದು ಕಾಲೇಜಿಗೆ 50 ಸಾವಿರ ಕಟ್ಟಿದೆ. ಮೂಲ ಮಾರ್ಕ್ಸ್ ಕಾರ್ಡನ್ನೂ ಅವರ ಕೈಗೇ ಕೊಟ್ಟೆ. ಆಮೇಲೆ ಸಿಇಟಿ ಎರಡನೇ ರೌಂಡಲ್ಲಿ ಅವನಿಗೆ ಒಳ್ಳೇ ಸೀಟೇ ಬಂತು. ದುಡ್ಡು ವಾಪಸ್ ಬರಲಿಲ್ಲ. ಮಾರ್ಕ್ಸ್ ಕಾರ್ಡ್ ಬಿಡಿಸಿಕೊಳ್ಳಲು ಮೂರು ಸಲ ಬಸ್ ಹತ್ತಿದೆ. ಕೋರ್ಸ್ ಶುರುವಾಗುವ ಮುಂಚೆ ಬಿಟ್ಟರೆ 1,000 ರೂಪಾಯಿಗಿಂತ ಜಾಸ್ತಿ ಹಿಡಿಯಬಾರದು, ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳಬಾರದು ಅಂತ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ನಿಯಮವೇ ಇದೆ. ನನಗೆ ಆಗ ಗೊತ್ತಿರಲಿಲ್ಲ. ನೀವು ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಕೂಡದು.

ಗದ್ದೆ ಅಡ ಇಡುವುದೂ ಬೇಡ. ಕಾಫಿಗೆ ಈಚೆಗೆ ಒಳ್ಳೇ ಬೆಲೆ ಬಂದಿದೆ, ಆ ಧೈರ್ಯದಲ್ಲಿ ನಿಮ್ಮಪ್ಪ ಮಾತಾಡುತ್ತಿದ್ದಾನೆ. 2001-02ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ಅಜ್ಜ ಕಾಫಿ ಮೂಟೆಗಳನ್ನು ಮಾರದೆ ಅಟ್ಟದ ಕೆಳಗೆ ಪೇರಿಸಿಟ್ಟು ಕಾದಿದ್ದು ನನಗೆ ನೆನಪಿದೆ. 2018ರ ಆಗಸ್ಟಲ್ಲಿ ಮಳೆಗೆ ಗುಡ್ಡ ಜಾರಿ ಎಷ್ಟೋ ಜನರ ತೋಟವೇ ಹೋಯಿತು. 4 ವರ್ಷದ ಫೀಸನ್ನು ಒಂದು ವರ್ಷದ ಬೆಲೆ ನೋಡಿ ಒಪ್ಪಿಕೊಳ್ಳಬಾರದು. ಇನ್ನೂ ಒಂದಿದೆ. ನಮಗೆ ದುಡ್ಡು ಕಾಣೋದು ಫೆಬ್ರವರಿ-ಮಾರ್ಚಲ್ಲಿ, ಫೀಸು ಕಟ್ಟಬೇಕಾದ್ದು ಜುಲೈ-ಆಗಸ್ಟಲ್ಲಿ. ಅಷ್ಟರಲ್ಲಿ ಗೊಬ್ಬರ, ಆಳು, ಮದುವೆ-ಮುಂಜಿ ಅಂತ ಕರಗಿರುತ್ತದೆ. ಈ ಸಲ ಕಾಫಿ ತೂಕ ಹಾಕಿ ದುಡ್ಡು ಬಂದ ದಿನವೇ ಮೊದಲ ವರ್ಷದ್ದನ್ನು ಬ್ಯಾಂಕಲ್ಲಿ ಬೇರೆ ಇಡಿಸು.

ಉಳಿದದ್ದಕ್ಕೆ ಶಿಕ್ಷಣ ಸಾಲ ಇದೆ. 4 ಲಕ್ಷದ ತನಕ ಬ್ಯಾಂಕಿನವರು ಆಸ್ತಿ ಅಡ ಕೇಳುವಂತಿಲ್ಲ. ಕಂತು ಶುರುವಾಗೋದು ಕೋರ್ಸ್ ಮುಗಿದು 1 ವರ್ಷದ ಮೇಲೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ತೆಗೆದರೆ, ನೂರಕ್ಕೆ 10ರ ಬಡ್ಡಿಯಲ್ಲಿ ಕಂತು ಶುರುವಾಗುವ ಹೊತ್ತಿಗೆ 1 ಲಕ್ಷ 40 ಸಾವಿರ ಬಡ್ಡಿಯೇ ಸೇರಿರುತ್ತದೆ. 10 ವರ್ಷದ ಕಂತಾದರೆ ನಿನ್ನ ಸಂಬಳದಿಂದ ತಿಂಗಳಿಗೆ 7 ಸಾವಿರದ ಮೇಲೆ ಹೋಗುತ್ತದೆ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಈ ಭಾರ ಇರಲ್ಲ. ಮೊದಲ ವರ್ಷ ಅದು ತಿಂಗಳಿಗೆ 833 ರೂಪಾಯಿ. ಆ ವರ್ಷದ ಬಡ್ಡಿಯನ್ನು ನನ್ನ ಪಿಂಚಣಿಯಿಂದ ನಾನು ಕಟ್ಟುತ್ತೇನೆ. ಇದಕ್ಕೆ ನಿಮ್ಮಪ್ಪ ಬೇಡ ಅನ್ನಬಾರದು.

ಕೊನೆಗೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕಂಪ್ಯೂಟರ್ ಸೈನ್ಸ್ ನಿನ್ನ ಆಸೆಯಾ, ಕ್ಲಾಸಿನವರೆಲ್ಲರ ಆಸೆಯಾ? ಒಂಬತ್ತು ವರ್ಷದವಳಿದ್ದಾಗ ತೋಟದಲ್ಲಿ ನನ್ನ ಕೈ ಹಿಡಿದು, ಇದು ಬೀಟೆ, ಇದು ನಂದಿ, ಇದು ಅತ್ತಿ ಅಂತ ತೊಗಟೆ ಮುಟ್ಟಿಸಿ ತೋರಿಸಿದವಳು ನೀನು. ಪೊನ್ನಂಪೇಟೆಯ ಅರಣ್ಯ ಕಾಲೇಜಲ್ಲಿ 4 ವರ್ಷದ ಬಿಎಸ್ಸಿ ಇದೆ, ಸಿಇಟಿಯಲ್ಲೇ ಸೀಟು. ನಿನ್ನದು ಬಯಾಲಜಿಯೂ ಇರುವ ಪಿಸಿಎಂಬಿ, ದಾರಿ ತೆರೆದೇ ಇದೆ. ಕೃಷಿಕರ ಮಕ್ಕಳಿಗೆ ಅಲ್ಲಿ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅದನ್ನೇ ತಗೋ ಅಂತ ನಾನು ಹೇಳುತ್ತಿಲ್ಲ. ಸಿಇಟಿ ಅರ್ಜಿ ಹಾಕುವಾಗ ಬಯಾಲಜಿ ಪೇಪರನ್ನೂ, ಕೃಷಿಕರ ಕೋಟಾವನ್ನೂ ಬಿಡಬೇಡ, ಅಷ್ಟೇ. ಜೂನಲ್ಲಿ ಮನಸ್ಸು ಬದಲಾದರೆ ಆಗ ಹಾಕೋಕಾಗಲ್ಲ.

ಬರುವ ಭಾನುವಾರ ಬೆಳಗ್ಗೆಯ ಬಸ್ಸಿಗೆ ಬರುತ್ತೇನೆ. ಊಟ ಆದ ಮೇಲೆ ನೀನು, ನಿಮ್ಮಪ್ಪ, ಅಮ್ಮ, ನಾನು ನಾಲ್ಕೂ ಜನ ಕೂರೋಣ. ಒಂದು ಉದ್ದ ನೋಟ್‌ಬುಕ್ ತಂದಿಡು. ನಿಮ್ಮಪ್ಪನಿಗೆ ಸೊಸೈಟಿ ಸಾಲದ ಪಾಸ್‌ಬುಕ್ಕೂ ತೆಗೆದಿಡಲು ಹೇಳು. ಅದನ್ನು ನಿನ್ನೆದುರಿಗೇ ತೆಗೆಯಲಿ, ನಿನಗೆ ಹದಿನೇಳು ತುಂಬಿದೆ. ಅದಕ್ಕೂ ಮುಂಚೆ, ನಾಳೆಯೇ, ಹಳೇ ಶಾಲೆಗೆ ಹೋಗಿ ಸ್ಟಡಿ ಸರ್ಟಿಫಿಕೇಟಿಗೆ ಬರೆದು ಕೊಟ್ಟು ಬಾ. ಹೆಡ್‌ಮಾಸ್ಟರು ಈ ತಿಂಗಳ ಕೊನೆಗೆ ರಿಟೈರ್ ಆಗುತ್ತಿದ್ದಾರೆ.

ನಿನ್ನ ಪ್ರೀತಿಯ
ಅತ್ತೆ