ಸೂಚನಾ ಫಲಕದಲ್ಲಷ್ಟೇ ಇರುವ ಸಮಿತಿ

ಮಾನ್ಯ ಸಂಪಾದಕರೇ,

ನಾನು ನಿವೃತ್ತಳಾಗುವವರೆಗೆ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ಖಾಸಗಿ ಸಂಸ್ಥೆಯೊಂದರಲ್ಲಿ, ಹಾಜರಿ ಯಂತ್ರದ ಪಕ್ಕ ಅಂಟಿಸಿದ್ದ ಹಾಳೆಯೊಂದನ್ನು ಒಂದು ದಿನ ಸುಮ್ಮನೆ ಓದುತ್ತಿದ್ದಾಗ, ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿಯ ಪಟ್ಟಿಯಲ್ಲಿ ಎರಡನೆಯ ಹೆಸರು ನನ್ನದೇ ಎಂಬುದು ಕಣ್ಣಿಗೆ ಬಿತ್ತು. ಹಾಳೆಯ ದಿನಾಂಕ ಒಂದೂವರೆ ವರ್ಷ ಹಿಂದಿನದು. ನನ್ನನ್ನು ಯಾರೂ ಕೇಳಿರಲಿಲ್ಲ, ನನಗೆ ಹೇಳಿಯೂ ಇರಲಿಲ್ಲ. ವಿಚಾರಿಸಿದರೆ, ‘ಇನ್‌ಸ್ಪೆಕ್ಷನ್‌ಗೆ ಬಂದ್ರೆ ತೋರಿಸ್ಬೇಕಲ್ಲ ಮೇಡಂ, ನಿಮಗೇನೂ ಕೆಲಸ ಇರಲ್ಲ’ ಎಂಬ ಉತ್ತರ ಬಂತು. ಆ ಮಾತು ಸುಳ್ಳಾಗಲಿಲ್ಲ. ವರ್ಷವರ್ಷವೂ ವರದಿಯಲ್ಲಿ ದೂರುಗಳ ಸಂಖ್ಯೆ ಸೊನ್ನೆಯೇ.

ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳವಾಗದಂತೆ ತಡೆಯಲು ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ತೀರ್ಪಿನಲ್ಲಿ ವಿಧಿಸಿದ ಮಾರ್ಗಸೂಚಿಗಳು 2013ರಲ್ಲಿ ಕಾಯ್ದೆಯ ರೂಪ ಪಡೆದವು. 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದಕ್ಕೆ ಹಿರಿಯ ಮಹಿಳಾ ನೌಕರರೊಬ್ಬರು ಅಧ್ಯಕ್ಷೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಲೇಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ. ಹಾಳೆ ಅಂಟಿಸಿದರೆ ಈ ದಂಡದ ಭಯ ಕಳೆಯಿತೆಂದು ಬಹಳ ಮಂದಿ ಮಾಲೀಕರು ಭಾವಿಸಿದಂತಿದೆ; ಸದಸ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಡುವುದು ಅದೇ ಕಾಯ್ದೆ ಹೊರಿಸಿದ ಹೊಣೆ ಎಂಬುದು ಅವರ ನೆನಪಿನಲ್ಲಿರುವುದಿಲ್ಲ.

ನನ್ನ ಹೆಸರು ಕಂಡ ಕೆಲವು ತಿಂಗಳ ಬಳಿಕ, ನೆಲ ಒರೆಸಲು ಬರುತ್ತಿದ್ದ ಹೆಣ್ಣುಮಗಳೊಬ್ಬಳು ಸ್ಟೋರ್ಸ್‌ನ ಮೇಲ್ವಿಚಾರಕನ ವಿಷಯ ಹೇಳುತ್ತ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತ ನನ್ನ ಮೇಜಿನ ಮುಂದೆ ನಿಂತಿದ್ದಳು. ಕುಳಿತುಕೋ ಎಂದರೂ ಕೂರಲಿಲ್ಲ. ವಿಷಯವನ್ನು ಮೇಲಿನವರಿಗೆ ಮುಟ್ಟಿಸಿದೆ. ‘ಅವಳು ನಮ್ಮ ಸ್ಟಾಫ್ ಅಲ್ಲ, ಗುತ್ತಿಗೆದಾರನ ಕಡೆಯವಳು’ ಎಂದರು. ಮರುವಾರ ಅವಳನ್ನು ಬೇರೆ ಕಟ್ಟಡಕ್ಕೆ ಹಾಕಲಾಯಿತು, ಮೇಲ್ವಿಚಾರಕ ತನ್ನ ಕುರ್ಚಿಯಲ್ಲೇ ಉಳಿದ. ಬರಹದಲ್ಲಿ ದೂರು ಕೊಡಿಸಿ ಸಮಿತಿಯ ಸಭೆ ಕರೆಯಿರೆಂದು ಪಟ್ಟು ಹಿಡಿಯಬೇಕಿತ್ತು. ಕಾಯ್ದೆ ಓದಿಕೊಳ್ಳದ ನಾನು ಸುಮ್ಮನಾದೆ.

ಆಮೇಲೆ ಓದಿದಾಗ ತಿಳಿದದ್ದೇನೆಂದರೆ, ಈ ಕಾಯ್ದೆಯ ಪ್ರಕಾರ ಗುತ್ತಿಗೆಯವರು, ದಿನಗೂಲಿಯವರು, ತರಬೇತಿಯಲ್ಲಿರುವವರು, ಸಂಬಳವಿಲ್ಲದೆ ದುಡಿಯುವವರು ಎಲ್ಲರೂ ನೌಕರರೇ. ಸಂಸ್ಥೆ ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ವಿಚಾರಣೆಯ ಅವಧಿಯಲ್ಲಿ ದೂರುದಾರೆಯನ್ನೋ ಆರೋಪಿಯನ್ನೋ ವರ್ಗಾಯಿಸಬಹುದು, ಆದರೆ ಅದಕ್ಕೆ ದೂರುದಾರೆಯ ಲಿಖಿತ ಕೋರಿಕೆ ಮತ್ತು ಸಮಿತಿಯ ಶಿಫಾರಸು ಬೇಕು. ಕೇಳದೆ ಎತ್ತಂಗಡಿ ಮಾಡಿದರೆ ಬಾಯಿಬಿಟ್ಟದ್ದಕ್ಕೆ ಶಿಕ್ಷೆ ಕೊಟ್ಟಂತೆ. ‘ಏನೋ ಕೊಟ್ಟು ಮುಗಿಸೋಣ’ ಎಂಬ ನಮ್ಮ ಹಳೆಯ ಚಾಳಿಗೂ ಇಲ್ಲಿ ಜಾಗವಿಲ್ಲ: ರಾಜಿಗೆ ಅವಳೇ ಕೇಳಬೇಕು, ಅದು ಹಣದ ಮೇಲೆ ನಿಲ್ಲುವಂತಿಲ್ಲ.

ಸುಳ್ಳು ದೂರಿನ ಭಯವನ್ನು ಮುಂದಿಡುವ ಮಾಲೀಕರಿದ್ದಾರೆ. ದುರುದ್ದೇಶದ ದೂರಿಗೆ ಕ್ರಮವುಂಟು; ಸಾಕ್ಷ್ಯ ಸಾಲಲಿಲ್ಲವೆಂದ ಮಾತ್ರಕ್ಕೆ ದೂರು ಸುಳ್ಳಾಗದು ಎಂದೂ ಕಾಯ್ದೆಯೇ ಹೇಳಿದೆ. ಇಬ್ಬರ ಮಾತನ್ನೂ ಕೇಳುವ ಜೀವಂತ ಸಮಿತಿಯಿದ್ದರೆ ಆರೋಪಿಗೂ ರಕ್ಷಣೆ.

10ಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್‌ಗಳ ಮಹಿಳೆಯರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅದರ ವಿಳಾಸ ಎಷ್ಟು ಮಂದಿಗೆ ಗೊತ್ತಿದೆಯೋ! ಕಾಯ್ದೆಯ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ತಪಾಸಣೆಗೆ ಹೋಗುವ ಅಧಿಕಾರಿಗಳು ಫಲಕದ ಫೋಟೊ ತೆಗೆದುಕೊಂಡು ಮರಳದೆ, ಪಟ್ಟಿಯಲ್ಲಿ ಹೆಸರಿರುವ ಇಬ್ಬರನ್ನಾದರೂ ಕರೆಸಿ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಅವರನ್ನೇ ಕೇಳಲಿ.

– ನಿವೃತ್ತ ಲೆಕ್ಕಪತ್ರ ಸಹಾಯಕಿ, ತುಮಕೂರು